ಹಾರುವ ಟ್ಯಾಕ್ಸಿಗೂ ಮೊದಲು ಬೇಕಾದುದು ನೆಲ

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ನಡೆಸುವ ಸಂಸ್ಥೆಯು 2024ರ ಅಕ್ಟೋಬರ್‌ನಲ್ಲಿ ಇದೇ ನಗರದ ಸರ್ಲಾ ಏವಿಯೇಷನ್ ಎಂಬ ಕಂಪನಿಯೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ಬ್ಯಾಟರಿಯಿಂದ ಚಲಿಸುವ, ಹೆಲಿಕಾಪ್ಟರಿನಂತೆ ನೆಟ್ಟಗೆ ಮೇಲೇರಿ ನೆಟ್ಟಗೆ ಇಳಿಯಬಲ್ಲ ಏರ್ ಟ್ಯಾಕ್ಸಿಗಳ ಸಂಚಾರಕ್ಕೆ ದಾರಿ ಹುಡುಕುವುದು ಅದರ ಉದ್ದೇಶ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ವಾಹನ ಪ್ರದರ್ಶನದಲ್ಲಿ ‘ಶೂನ್ಯ’ ಎಂಬ ಹೆಸರಿನ ಅದರ ಮಾದರಿಯೂ ಅನಾವರಣಗೊಂಡಿತು. ಆರು ಪ್ರಯಾಣಿಕರನ್ನು ಹೊತ್ತು ಗಂಟೆಗೆ 250 ಕಿ.ಮೀ.ವರೆಗಿನ ವೇಗದಲ್ಲಿ ಅದು ಹಾರಬಲ್ಲದು, ಒಂದು ಚಾರ್ಜಿಗೆ 160 ಕಿ.ಮೀ. ಕ್ರಮಿಸಬಲ್ಲದು ಎಂಬುದು ಕಂಪನಿಯ ಹೇಳಿಕೆ. 2028ರ ಹೊತ್ತಿಗೆ ಸೇವೆ ಆರಂಭಿಸುವ ಗುರಿಯನ್ನೂ ಅದು ಪ್ರಕಟಿಸಿದೆ. ಇಂಥ ಸುದ್ದಿ ಬಂದಾಗಲೆಲ್ಲ ರಾಜಧಾನಿಯ ಸುತ್ತಲಿನ ಊರುಗಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಇದು ನಮ್ಮೂರಿಗೂ ಬರುತ್ತದೆಯೇ? ಬಂದರೆ ಎಲ್ಲಿ ಇಳಿಯುತ್ತದೆ?

ಈ ಪ್ರಶ್ನೆಯನ್ನು ನಾನು ಕೋಲಾರ ಚಿನ್ನದ ಗಣಿ ಪ್ರದೇಶ ಮತ್ತು ಅದರ ಹೆಬ್ಬಾಗಿಲಾದ ಬಂಗಾರಪೇಟೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸಬಯಸುತ್ತೇನೆ. ಹೊಸ ತಂತ್ರಜ್ಞಾನ ಎಲ್ಲರಿಗಿಂತ ಮೊದಲು ಬಂದು ಇಳಿದದ್ದನ್ನೂ, ಅದನ್ನು ತಂದ ಉದ್ಯಮ ಕಾಲ್ತೆಗೆದ ಮೇಲೆ ಉಳಿದದ್ದೇನು ಎಂಬುದನ್ನೂ ಈ ಸೀಮೆಯಷ್ಟು ಹತ್ತಿರದಿಂದ ಕಂಡ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಬೌರಿಂಗ್‌ಪೇಟೆ ಎಂದು ಆಗ ಕರೆಯುತ್ತಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಸುಮಾರು 16 ಕಿ.ಮೀ. ಉದ್ದದ ರೈಲು ಕವಲು 1894ರಲ್ಲಿಯೇ ಸಿದ್ಧವಾಯಿತು. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿ.ಮೀ. ದೂರ ತಂತಿಯಲ್ಲಿ ಸಾಗಿ 1902ರಲ್ಲಿ ಗಣಿಗಳನ್ನು ತಲುಪಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಆ ಯೋಜನೆ ಅಂದಿನ ಜಗತ್ತಿನ ಗಮನ ಸೆಳೆದಿತ್ತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅಂದರೆ ರಾಜಧಾನಿಗಿಂತ ಮೂರು ವರ್ಷ ಮೊದಲೇ ಗಣಿಯ ಯಂತ್ರಗಳು ವಿದ್ಯುತ್ತಿನಿಂದ ತಿರುಗುತ್ತಿದ್ದವು. ಆದರೆ ಆ ತಂತಿಯನ್ನು ಎಳೆದದ್ದು ಗಣಿಗಾಗಿ. ಅದು ಹಾದುಹೋದ ಹಳ್ಳಿಗಳ ಮನೆಯೊಳಗೆ ದೀಪ ಹತ್ತಲು ದಶಕಗಳೇ ಬೇಕಾದವು. 2001ರ ಫೆಬ್ರುವರಿ ಕೊನೆಯಲ್ಲಿ ಭಾರತ್ ಗೋಲ್ಡ್ ಮೈನ್ಸ್ ತನ್ನ ಬಾಗಿಲು ಮುಚ್ಚಿದಾಗ ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಸುರಂಗಗಳು ನೀರು ತುಂಬಿಕೊಳ್ಳತೊಡಗಿದವು. ಸಾವಿರಾರು ಕುಟುಂಬಗಳು ಬದುಕಿನ ಆಸರೆ ಕಳೆದುಕೊಂಡವು. ಆ ಹೊತ್ತಿನಲ್ಲಿ ಅವರ ಕೈಹಿಡಿದದ್ದು ಯಾವುದು? ಗಣಿಗಾಗಿ ಹಾಕಿದ್ದ ಆ ಹಳೆಯ ರೈಲು ಹಳಿ.

ಇಂದಿಗೂ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಿಂದ ಬೆಳಕು ಹರಿಯುವ ಮುನ್ನವೇ ಸಹಸ್ರಾರು ಜನ ಬೆಂಗಳೂರಿನ ರೈಲು ಹತ್ತುತ್ತಾರೆ. ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳು, ಕಾವಲುಗಾರರು, ಆಸ್ಪತ್ರೆಯ ಸಿಬ್ಬಂದಿ, ಕಚೇರಿ ನೌಕರರು, ಕಾಲೇಜು ವಿದ್ಯಾರ್ಥಿಗಳು ಎಲ್ಲರೂ ಅದರಲ್ಲಿದ್ದಾರೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು 70 ಕಿ.ಮೀ. ಎಕ್ಸ್‌ಪ್ರೆಸ್ ಗಾಡಿಗಳಿಗೆ ದಾರಿ ಬಿಡಲು ಪ್ಯಾಸೆಂಜರ್ ಗಾಡಿ ನಿಂತುಬಿಟ್ಟರೆ ಆ ದಿನದ ಅರ್ಧ ಕೂಲಿಗೆ ಸಂಚಕಾರ. ಗಣಿ ಮುಚ್ಚಿದ ಊರೊಂದು ಹಾಳು ಬೀಳದೆ ಉಳಿದಿದ್ದರೆ ಅದಕ್ಕೆ ಈ ಗಾಡಿಗಳೂ, ಕೆಲವೇ ನೂರು ರೂಪಾಯಿಗೆ ದೊರೆಯುವ ತಿಂಗಳ ಪಾಸೂ ಮುಖ್ಯ ಕಾರಣ.

ಇನ್ನು ಆಕಾಶ ಮಾರ್ಗದ ಲೆಕ್ಕ ನೋಡೋಣ. ನೇರ ರೇಖೆಯಲ್ಲಿ ಬಂಗಾರಪೇಟೆಯಿಂದ ವೈಟ್‌ಫೀಲ್ಡ್‌ಗೆ ಸುಮಾರು 45 ಕಿ.ಮೀ., ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣಕ್ಕೆ ಸುಮಾರು 55 ಕಿ.ಮೀ. ಸರಾಸರಿ ವೇಗ ಗಂಟೆಗೆ 200 ಕಿ.ಮೀ. ಎಂದಿಟ್ಟುಕೊಂಡರೂ ಮೊದಲನೆಯದಕ್ಕೆ 15 ನಿಮಿಷ, ಎರಡನೆಯದಕ್ಕೆ 20 ನಿಮಿಷ ಸಾಕು. ವೈಟ್‌ಫೀಲ್ಡ್ ದಿಕ್ಕಿನಲ್ಲಿ ನೇರ ರೈಲಿದೆ, ಮೇಲಾಗಿ ಎಚ್.ಎ.ಎಲ್. ವಿಮಾನ ನಿಲ್ದಾಣದ ವಾಯುಪ್ರದೇಶವೂ ಆ ಕಡೆಗೇ ಚಾಚಿರುವುದರಿಂದ ಹಾರಾಟ ನಿರ್ಬಂಧಗಳು ಅನಿವಾರ್ಯ. ವಿಮಾನ ನಿಲ್ದಾಣದ ದಿಕ್ಕಿನಲ್ಲಿ ಮಾತ್ರ ಏರ್ ಟ್ಯಾಕ್ಸಿಗೆ ನಿಜವಾದ ಅನುಕೂಲವಿದೆ. ಬಂಗಾರಪೇಟೆಯಿಂದ ಅಲ್ಲಿಗೆ ಹೋಗುವ ರೈಲು ಹಳಿಯು ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಚಿಕ್ಕಬಳ್ಳಾಪುರಗಳನ್ನು ಸುತ್ತಿಕೊಂಡು ಬರುತ್ತದೆ. ರಸ್ತೆಯಲ್ಲಾದರೆ ಎರಡು ಗಂಟೆಯ ಪ್ರಯಾಣ. ಆದ್ದರಿಂದ ಬಂಗಾರಪೇಟೆಗೆ ಏರ್ ಟ್ಯಾಕ್ಸಿ ಬೇಡವೇ ಬೇಡ ಎಂಬ ವಾದ ನನ್ನದಲ್ಲ.

ಆದರೆ ಎಷ್ಟು ಜನರಿಗೆ, ಯಾವ ಬೆಲೆಗೆ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿ ಕೇಳಲೇಬೇಕಾಗುತ್ತದೆ. ಪ್ರತಿ ಐದು ನಿಮಿಷಕ್ಕೊಂದು ವಾಹನ ಭರ್ತಿಯಾಗಿ ಹೊರಟರೂ ಗಂಟೆಗೆ ಸಾಗುವವರು 72 ಮಂದಿ. ಎಂಟು ಬೋಗಿಯ ಒಂದು ಮೆಮು ರೈಲು ನಿಂತವರನ್ನೂ ಸೇರಿಸಿ ಒಂದೇ ಸಲಕ್ಕೆ ಎರಡು ಸಾವಿರದಷ್ಟು ಜನರನ್ನು ಸಾಗಿಸಬಲ್ಲದು. ಬೆಲೆಯ ವಿಚಾರಕ್ಕೆ ಬಂದರೆ ಹಿಂದಿನ ಅನುಭವವೇ ನಮ್ಮೆದುರಿಗಿದೆ. 2018ರ ಮಾರ್ಚ್‌ನಲ್ಲಿ ವಿಮಾನ ನಿಲ್ದಾಣ ಮತ್ತು ಎಲೆಕ್ಟ್ರಾನಿಕ್ ಸಿಟಿಯ ನಡುವೆ ಹೆಲಿಕಾಪ್ಟರ್ ಟ್ಯಾಕ್ಸಿ ಸೇವೆ ಆರಂಭವಾಯಿತು. 2022ರ ಅಕ್ಟೋಬರ್‌ನಲ್ಲಿ ಮತ್ತೊಂದು ಕಂಪನಿ ವಿಮಾನ ನಿಲ್ದಾಣ ಮತ್ತು ಎಚ್.ಎ.ಎಲ್. ನಡುವೆ ತಲಾ 3,250 ರೂಪಾಯಿ ದರದಲ್ಲಿ ಸೇವೆ ಪ್ರಕಟಿಸಿತು. ಎರಡೂ ನಗರದ ಸಂಚಾರದ ಸ್ವರೂಪವನ್ನು ಕಿಂಚಿತ್ತೂ ಬದಲಿಸಲಿಲ್ಲ. ವಿದ್ಯುತ್ ವಾಹನದ ಖರ್ಚು ಹೆಲಿಕಾಪ್ಟರಿಗಿಂತ ಕಡಿಮೆ ಇರಬಹುದು. ಹಾಗಿದ್ದರೂ ಒಂದು ಹಾರಾಟದ ದರದಲ್ಲಿ ಉರಿಗಾಂನ ನೌಕರನೊಬ್ಬ ಹಲವು ತಿಂಗಳು ರೈಲಿನಲ್ಲಿ ಓಡಾಡಬಹುದೆಂಬುದು ನೆನಪಿರಲಿ.

ಎರಡನೆಯ ಸಂಗತಿ ಈ ಉದ್ಯಮದ ಅಸ್ಥಿರತೆ. ಉಬರ್ ಕಂಪನಿ ತನ್ನ ಹಾರುವ ಟ್ಯಾಕ್ಸಿ ವಿಭಾಗವನ್ನು 2020ರ ಡಿಸೆಂಬರ್‌ನಲ್ಲಿ ಜೋಬಿ ಎಂಬ ಕಂಪನಿಗೆ ಒಪ್ಪಿಸಿ ಕೈತೊಳೆದುಕೊಂಡಿತು. ಜರ್ಮನಿಯ ವೋಲೋಕಾಪ್ಟರ್ 2024ರ ಪ್ಯಾರಿಸ್ ಒಲಿಂಪಿಕ್ಸ್ ವೇಳೆ ಪ್ರಯಾಣಿಕರನ್ನು ಹಾರಿಸುವುದಾಗಿ ಘೋಷಿಸಿತ್ತು. ಅದಕ್ಕೆ ಬೇಕಾದ ಪ್ರಮಾಣಪತ್ರ ಸಕಾಲಕ್ಕೆ ದೊರೆಯಲಿಲ್ಲ, ಅದೇ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದೇ ದೇಶದ ಲಿಲಿಯಂ ಅದಕ್ಕೂ ಎರಡು ತಿಂಗಳು ಮೊದಲೇ ದಿವಾಳಿಯ ಹಾದಿ ಹಿಡಿದಿತ್ತು. ಇನ್ನೊಂದು ಕಡೆ ಚೀನಾ 2023ರ ಅಕ್ಟೋಬರ್‌ನಲ್ಲಿಯೇ ಇಹ್ಯಾಂಗ್ ಕಂಪನಿಯ ಚಾಲಕರಹಿತ ವಾಹನಕ್ಕೆ ಪ್ರಮಾಣಪತ್ರ ನೀಡಿದೆ, ದುಬೈ ನಗರ ಜೋಬಿಯೊಡನೆ 2024ರಲ್ಲಿ ಆರು ವರ್ಷಗಳ ಒಪ್ಪಂದ ಮಾಡಿಕೊಂಡಿದೆ. ಇವರಲ್ಲಿ ಯಾರು ಉಳಿಯುತ್ತಾರೆ, ಯಾರ ವಾಹನದ ಅಳತೆ ಎಷ್ಟಾಗುತ್ತದೆ, ಯಾವ ಬಗೆಯ ಚಾರ್ಜರ್ ರೂಢಿಗೆ ಬರುತ್ತದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆ ಹೆಚ್ಚೆಂದರೆ ಒಂದು ಗೇಣು ಬಟ್ಟೆ ವ್ಯರ್ಥ. ಇಲ್ಲಿ ವ್ಯರ್ಥವಾಗುವುದು ಮತ್ತೆ ದೊರೆಯದ ಸಾರ್ವಜನಿಕ ಭೂಮಿ.

ಇಂಥ ಅನಿಶ್ಚಿತತೆಯಲ್ಲಿ ಸರ್ಕಾರಗಳಿಗೆ ಒಂದು ಸರಳ ಸೂತ್ರವಿದೆ. ಭವಿಷ್ಯ ಯಾವ ದಿಕ್ಕಿಗೆ ತಿರುಗಿದರೂ ಉಪಯೋಗಕ್ಕೆ ಬರುವ ಕೆಲಸವನ್ನು ಮೊದಲು ಮಾಡಬೇಕು. ಒಂದೇ ಒಂದು ಭವಿಷ್ಯಕ್ಕೆ ಮಾತ್ರ ಹೊಂದುವ ಕೆಲಸವನ್ನು ಕೊನೆಗೆ, ಅದೂ ಲಾಭ ಪಡೆಯುವವರ ಹಣದಿಂದ ಮಾಡಿಸಬೇಕು. ಬಂಗಾರಪೇಟೆಯ ಮಟ್ಟಿಗೆ ಇದರ ಅರ್ಥ ಸ್ಪಷ್ಟ. ಚೆನ್ನೈ ಮುಖ್ಯ ಮಾರ್ಗ, ಮಾರಿಕುಪ್ಪಂ ಕವಲು, ಕೋಲಾರ ಮಾರ್ಗ ಮೂರೂ ಸೇರುವ ಈ ಜಂಕ್ಷನ್ನಿನಲ್ಲಿ ರೈಲು, ಬಸ್ಸು, ಆಟೋಗಳು ಒಂದೇ ಸೂರಿನಡಿ ಸಂಧಿಸುವ ಸಾರಿಗೆ ಸಂಕೀರ್ಣವೊಂದು ಮೊದಲು ನಿರ್ಮಾಣವಾಗಬೇಕು. ಏರ್ ಟ್ಯಾಕ್ಸಿ ಕಟ್ಟೆ ಅದರ ಒಂದು ಮೂಲೆಯಲ್ಲಿ ಇರಲಿ. ಏರ್ ಟ್ಯಾಕ್ಸಿ ಬಾರದೇ ಹೋದರೆ ಆ ಕಟ್ಟೆ ಬಸ್ಸುಗಳ ತಂಗುದಾಣವಾಗಲಿ.

ಹೊಸ ನಿಲ್ದಾಣಗಳು ಸೋಲುವುದು ಸಾಮಾನ್ಯವಾಗಿ ಕಟ್ಟಡದ ಹೊರಗೆ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ 2022ರ ಜೂನ್‌ನಲ್ಲಿ ಸಂಚಾರಕ್ಕೆ ತೆರೆದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಇದಕ್ಕೆ ನಿದರ್ಶನ. ಹವಾನಿಯಂತ್ರಿತ, ಭವ್ಯ ಕಟ್ಟಡ. ಆದರೆ ಮೆಟ್ರೊ ಇಳಿದವರು ಗಂಟುಮೂಟೆಯೊಡನೆ ಅಲ್ಲಿಗೆ ಸೇರುವುದು ಹೇಗೆಂಬುದಕ್ಕೆ ಉತ್ತರ ಸಿದ್ಧವಿರಲಿಲ್ಲ. 2021ರ ಜನವರಿಯಲ್ಲಿ ಆರಂಭವಾದ ವಿಮಾನ ನಿಲ್ದಾಣದ ರೈಲು ಹಾಲ್ಟ್ ಇನ್ನೊಂದು ನಿದರ್ಶನ. ಅದು ಇರುವುದು ಬಂಗಾರಪೇಟೆಗೆ ಬರುವ ಹಳಿಯ ಮೇಲೆಯೇ. ಹಳಿ ಇದೆ, ಹಾಲ್ಟ್ ಇದೆ. ವಿಮಾನಗಳ ವೇಳೆಗೆ ಹೊಂದುವಷ್ಟು ರೈಲುಗಳು ಮಾತ್ರ ಇಲ್ಲ. 148 ಕಿ.ಮೀ. ಉದ್ದದ ಬೆಂಗಳೂರು ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಅದರ ನಾಲ್ಕು ಮಾರ್ಗಗಳಲ್ಲಿ ಒಂದೂ ಬಂಗಾರಪೇಟೆಯವರೆಗೆ ಬರುವುದಿಲ್ಲ. ನೆಲದ ಮೇಲಿನ ಈ ಕೊರತೆಗಳನ್ನು ಹಾಗೆಯೇ ಬಿಟ್ಟು ಆಕಾಶಕ್ಕೆ ಏಣಿ ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಮುಡಿದಂತಾದೀತು.

ಏರ್ ಟ್ಯಾಕ್ಸಿ ನಿಲ್ದಾಣವನ್ನು ವರ್ಟಿಪೋರ್ಟ್ ಎನ್ನುತ್ತಾರೆ. ಅದರ ವಿನ್ಯಾಸಕ್ಕೆ ನಿಶ್ಚಿತ ಗಣಿತವಿದೆ. ಅಮೆರಿಕದ ವಿಮಾನಯಾನ ಆಡಳಿತವು 2022ರಲ್ಲಿ ಮಾರ್ಗದರ್ಶಿಯೊಂದನ್ನು ಹೊರಡಿಸಿತು. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ 2024ರಲ್ಲಿ ಈ ವಿಷಯದಲ್ಲಿ ಮಾರ್ಗಸೂಚಿಗಳನ್ನು ಪ್ರಕಟಿಸಿದೆ. ಇಡೀ ವಾಹನವನ್ನು ಒಳಗೊಳ್ಳುವ ಅತಿ ಚಿಕ್ಕ ವೃತ್ತದ ವ್ಯಾಸವೇ ಇಲ್ಲಿ ಮೂಲಮಾನ. ಅಮೆರಿಕದ ಆ ಮಾರ್ಗದರ್ಶಿಯ ಪ್ರಕಾರ ಚಕ್ರ ಊರುವ ಕಟ್ಟೆಯ ಅಗಲ ಕನಿಷ್ಠ ಅಷ್ಟಿರಬೇಕು, ಇಳಿಯಲು ಸಮೀಪಿಸುವ ಜಾಗ ಅದರ ಎರಡರಷ್ಟು, ಸುತ್ತಲ ಸುರಕ್ಷಾ ವಲಯ ಮೂರರಷ್ಟು. ವ್ಯಾಸ 15 ಮೀಟರ್ ಎಂದುಕೊಂಡರೆ 45 ಮೀಟರ್ ಉದ್ದ, ಅಷ್ಟೇ ಅಗಲದ ಚೌಕ ಖಾಲಿ ಬೇಕು. ವಾಹನ ಬಂದು ಹೋಗುವ ದಿಕ್ಕಿನಲ್ಲಿ ಪ್ರತಿ ಎಂಟು ಮೀಟರ್ ದೂರಕ್ಕೆ ಒಂದು ಮೀಟರ್‌ಗಿಂತ ಎತ್ತರದ ಅಡ್ಡಿ ಇರಕೂಡದು. ರೈಲು ನಿಲ್ದಾಣದ ಅಂಗಳದಲ್ಲಿ 20 ಮೀಟರ್ ಎತ್ತರದ ದೀಪಸ್ತಂಭವಿದ್ದರೆ ಆ ದಿಕ್ಕಿನಲ್ಲಿ ಕಟ್ಟೆ 160 ಮೀಟರ್ ದೂರ ಸರಿಯಬೇಕಾಗುತ್ತದೆ. ಹಳಿಯ ಮೇಲಿನ 25,000 ವೋಲ್ಟ್ ತಂತಿಗಳ ವಿಚಾರ ಹೇಳುವುದೇ ಬೇಡ. ಹೀಗಾಗಿ ಕಟ್ಟೆ ರೈಲ್ವೆ ಅಂಗಳದ ಅಂಚಿನಲ್ಲಿರಬೇಕು, ಅಲ್ಲಿಂದ ಪ್ಲಾಟ್‌ಫಾರಂಗೆ ಮಳೆ ಬಿಸಿಲು ತಾಗದ ಕಾಲುದಾರಿ ಇರಬೇಕು.

ಕಟ್ಟಡದ ತಾರಸಿಯ ಮೇಲೆ ನಿಲ್ದಾಣ ಮಾಡಿದರೆ ಜಾಗ ಉಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯೂಯಾರ್ಕಿನ ಪ್ಯಾನ್ ಆಮ್ ಕಟ್ಟಡದ ತಾರಸಿಯಲ್ಲಿದ್ದ ಹೆಲಿಕಾಪ್ಟರ್ ನಿಲ್ದಾಣದ ಕಥೆ ಅವರಿಗೆ ಉತ್ತರ ಹೇಳುತ್ತದೆ. 1977ರ ಮೇ 16ರಂದು ಅಲ್ಲಿ ನಿಂತಿದ್ದ ಹೆಲಿಕಾಪ್ಟರಿನ ಚಕ್ರದ ಆಧಾರ ಮುರಿದು ಅದು ಪಕ್ಕಕ್ಕೆ ಉರುಳಿತು. ತಿರುಗುತ್ತಿದ್ದ ರೆಕ್ಕೆಗೆ ಸಿಲುಕಿ ಹತ್ತಲು ಬಂದಿದ್ದ ನಾಲ್ವರು ಸತ್ತರು. ಸಿಡಿದ ತುಂಡು ಕೆಳಗಿನ ಬೀದಿಯಲ್ಲಿ ನಡೆದು ಹೋಗುತ್ತಿದ್ದ ಮತ್ತೊಬ್ಬರ ಪ್ರಾಣ ತೆಗೆಯಿತು. ನಿಲ್ದಾಣ ಮತ್ತೆ ತೆರೆಯಲಿಲ್ಲ. ವಾಹನಗಳ ತಂತ್ರಜ್ಞಾನ ಈಗ ಎಷ್ಟೋ ಮುಂದುವರಿದಿದೆ. ಆದರೂ ಹತ್ತುವವರ ದಾರಿ ಬೇರೆ, ತಿರುಗುವ ರೆಕ್ಕೆಯ ವಲಯ ಬೇರೆ, ಜನಸಂದಣಿಯ ಬೀದಿ ಬೇರೆ ಎಂಬ ಪಾಠ ಹಳತಾಗಿಲ್ಲ. ಬಂಗಾರಪೇಟೆಯಂಥ ಊರಿನಲ್ಲಿ ನೆಲಮಟ್ಟದ ಕಟ್ಟೆಯೇ ಕ್ಷೇಮ, ಅಗ್ಗವೂ ಹೌದು.

ಹಾಗಾದರೆ ಕೆ.ಜಿ.ಎಫ್.ನಲ್ಲಿಯೇ ಏಕೆ ಇರಬಾರದು? ಗಣಿ ಕಂಪನಿಯ ಎಕರೆಗಟ್ಟಲೆ ಭೂಮಿ ಅಲ್ಲಿ ಖಾಲಿ ಬಿದ್ದಿದೆಯಲ್ಲ ಎಂಬ ವಾದ ಬಂದೇ ಬರುತ್ತದೆ. ನಕಾಶೆಯಲ್ಲಿ ಖಾಲಿ ಕಾಣುವ ಆ ನೆಲ ವಾಸ್ತವದಲ್ಲಿ ಖಾಲಿಯಲ್ಲ. ಊರಿನ ಜನ ‘ಸೈನೈಡ್ ದಿಬ್ಬ’ ಎಂದು ಕರೆಯುವ, ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ನುಣುಪು ಪುಡಿಯ 13 ರಾಶಿಗಳು ಅಲ್ಲಿವೆ. ಗಾಳಿ ಎದ್ದಾಗ ಅದರ ದೂಳು ಮನೆಯಂಗಳಕ್ಕೆ ಬಂದು ಬೀಳುವುದು ಅಲ್ಲಿನವರ ಹಳೆಯ ಅಳಲು. ನೆಟ್ಟಗೆ ಇಳಿಯುವ ವಾಹನದ ಕೆಳಮುಖದ ಗಾಳಿ ಬಲವಾದದ್ದು. ದಿಬ್ಬದ ಸಮೀಪ ದಿನಕ್ಕೆ ಹತ್ತಾರು ಸಲ ಅಂಥ ಗಾಳಿ ಬೀಸಿದರೆ ಆಗುವ ಪರಿಣಾಮವನ್ನು ಊಹಿಸಲು ತಜ್ಞತೆ ಬೇಕಿಲ್ಲ. ಎರಡನೆಯದಾಗಿ, ಒಂದು ಶತಮಾನಕ್ಕೂ ಹೆಚ್ಚು ಕಾಲ ಅಗೆದ ಆ ನೆಲದಡಿ ಸುರಂಗಗಳ ಜಾಲವೇ ಇದೆ. ಗಣಿ ನಡೆಯುತ್ತಿದ್ದಾಗ ಶಿಲಾಸ್ಫೋಟಗಳು ಮೇಲಿನ ಮನೆಗಳನ್ನೂ ನಡುಗಿಸುತ್ತಿದ್ದವು. ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ 1988ರಲ್ಲಿ ಕೆ.ಜಿ.ಎಫ್.ನಲ್ಲಿ ಸ್ಥಾಪನೆಗೊಂಡದ್ದು ಸುಮ್ಮನೆ ಅಲ್ಲ. ಅಲ್ಲಿ ಯಾವುದೇ ಕಟ್ಟೆ ಕಟ್ಟುವ ಮುನ್ನ ನೆಲದ ಪರೀಕ್ಷೆ ಅತ್ಯಗತ್ಯ. ಮೂರನೆಯದಾಗಿ, ಗಣಿ ಕಾಲೊನಿಗಳಲ್ಲಿ ತಲೆಮಾರುಗಳಿಂದ ವಾಸಿಸುತ್ತಿರುವವರ ಮನೆಯ ಹಕ್ಕಿನ ಪ್ರಶ್ನೆಯನ್ನು ಬದಿಗೆ ಸರಿಸಿ ಹೊಸ ಯೋಜನೆಗೆ ಭೂಮಿ ಕೊಡುವುದು ನ್ಯಾಯವೂ ಆಗದು. ಕೆ.ಜಿ.ಎಫ್.ಗೆ ಬೇಕಾದುದು ಬಂಗಾರಪೇಟೆಯೊಡನೆ ಅರ್ಧ ಗಂಟೆಗೊಂದು ರೈಲಿನ ಸಂಪರ್ಕ. ಅದಿದ್ದರೆ ಬಂಗಾರಪೇಟೆಯ ಕಟ್ಟೆಯೇ ಕೆ.ಜಿ.ಎಫ್.ನ ಕಟ್ಟೆಯೂ ಆಗುತ್ತದೆ.

ವಿದ್ಯುತ್ತಿನ ಲೆಕ್ಕವನ್ನೂ ಮರೆಯುವಂತಿಲ್ಲ. ಒಂದು ವಾಹನದ ಬ್ಯಾಟರಿಗೆ ಪ್ರತಿ ಹಾರಾಟದ ನಡುವೆ 75 ಯೂನಿಟ್ ತುಂಬಬೇಕು, ಅದೂ ಕಾಲು ಗಂಟೆಯಲ್ಲಿ ಎಂದುಕೊಳ್ಳೋಣ. ಆಗ ಒಂದೊಂದು ವಾಹನಕ್ಕೂ 300 ಕಿಲೋವಾಟ್ ಶಕ್ತಿ ಬೇಕು. ನಾಲ್ಕು ವಾಹನ ಒಟ್ಟಿಗೆ ನಿಂತರೆ 1,200 ಕಿಲೋವಾಟ್. ಸಣ್ಣ ಪಟ್ಟಣದ ಫೀಡರಿಗೆ ಇದು ಹಗುರವಾದ ಹೊರೆಯಲ್ಲ. ಬೇಸಿಗೆಯಲ್ಲಿ ಪಂಪ್‌ಸೆಟ್ಟಿಗೆ ಸರದಿಯ ಮೇಲೆ ವಿದ್ಯುತ್ ಪಡೆಯುವ ರೈತನ ಎದುರಿನಲ್ಲಿ ಆರು ಜನರ ಹಾರಾಟಕ್ಕೆ ಅಡೆತಡೆಯಿಲ್ಲದ ಪೂರೈಕೆ ಕೊಡುವುದಾದರೆ, ಪ್ರತ್ಯೇಕ ಉಪಕೇಂದ್ರದ ಪೂರ್ಣ ವೆಚ್ಚವನ್ನು ಸೇವೆ ನಡೆಸುವವರೇ ಭರಿಸಬೇಕು. ಅದೇ ಉಪಕೇಂದ್ರದಿಂದ ವಿದ್ಯುತ್ ಬಸ್ಸುಗಳಿಗೂ ಆಟೋಗಳಿಗೂ ಚಾರ್ಜಿಂಗ್ ದೊರೆಯುವಂತೆ ವಿನ್ಯಾಸ ಮಾಡಿದರೆ ಊರಿಗೆ ನಿಜವಾದ ಲಾಭ. 1902ರ ತಂತಿ ಮಾಡದೆ ಬಿಟ್ಟ ಕೆಲಸವನ್ನು ಈ ಬಾರಿಯಾದರೂ ಮಾಡಬಹುದು.

ಸಾರ್ವಜನಿಕ ಹಣ ನ್ಯಾಯವಾಗಿ ವಿನಿಯೋಗವಾಗಬಹುದಾದ ಒಂದು ಉದ್ದೇಶವಿದೆ: ತುರ್ತು ಚಿಕಿತ್ಸೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ, ಹೊಸಕೋಟೆಯಿಂದ ಬೇತಮಂಗಲದವರೆಗೆ ಸುಮಾರು 71 ಕಿ.ಮೀ., 2024ರ ಕೊನೆಯಲ್ಲಿ ವಾಹನಗಳಿಗೆ ತೆರೆದುಕೊಂಡಿತು. ವೇಗದ ಹೆದ್ದಾರಿಯ ಜೊತೆಗೆ ಅಪಘಾತವೂ ಬರುತ್ತದೆ. ತಲೆಗೆ ಪೆಟ್ಟಾದವರು, ಹೃದಯಾಘಾತಕ್ಕೆ ಒಳಗಾದವರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಇಪ್ಪತ್ತು ನಿಮಿಷದಲ್ಲಿ ತಲುಪುವಂತಾದರೆ ಅದಕ್ಕೆ ಬೆಲೆ ಕಟ್ಟಲಾಗದು. ಚೆನ್ನೈನ ಇಪ್ಲೇನ್ ಕಂಪನಿ 2025ರಲ್ಲಿ 788 ಏರ್ ಆಂಬುಲೆನ್ಸ್ ಒದಗಿಸುವ ಒಪ್ಪಂದಕ್ಕೆ ಸಹಿ ಹಾಕಿದೆ. ಹಾಗಾಗಿ ಕಟ್ಟೆಯ ವಿನ್ಯಾಸದಲ್ಲಿ ಆಂಬುಲೆನ್ಸ್ ನೇರವಾಗಿ ಬರುವ ದಾರಿ, ಸ್ಟ್ರೆಚರ್ ಉರುಳಿಸಲು ಇಳಿಜಾರು, ಇರುಳಿನಲ್ಲಿ ಇಳಿಯಲು ದೀಪಗಳು ಮೊದಲ ದಿನದಿಂದಲೇ ಇರಬೇಕು. ತುರ್ತು ಹಾರಾಟ ಬಂದಾಗ ಮಿಕ್ಕ ಎಲ್ಲ ಹಾರಾಟಗಳೂ ಕಾಯಬೇಕು ಎಂಬುದು ಪರವಾನಗಿಯ ಷರತ್ತಾಗಬೇಕು.

ಕೊನೆಯದಾಗಿ ಒಡೆತನದ ಪ್ರಶ್ನೆ. ಒಂದು ಊರಿಗೆ ಒಂದೇ ವರ್ಟಿಪೋರ್ಟ್ ಸಾಧ್ಯವಾದಾಗ ಅದು ಸಹಜವಾಗಿಯೇ ಏಕಸ್ವಾಮ್ಯ. ಅದನ್ನು ಒಂದೇ ಕಂಪನಿಯ ಕೈಗೆ ದೀರ್ಘಾವಧಿಗೆ ಒಪ್ಪಿಸಿದರೆ ಮುಂದೆ ಬರುವ ಅಗ್ಗದ ಸೇವೆಗೆ ಬಾಗಿಲು ಮುಚ್ಚಿದಂತೆ. ನೆಲ ಸಾರ್ವಜನಿಕರದ್ದಾಗಿಯೇ ಉಳಿಯಬೇಕು. ಗುತ್ತಿಗೆ ಹತ್ತು ವರ್ಷ ಮೀರಬಾರದು. ಯಾವ ಕಂಪನಿಯ ವಾಹನವಾದರೂ ನಿಗದಿತ ಶುಲ್ಕ ತೆತ್ತು ಇಳಿಯುವಂತಿರಬೇಕು. ಹಾರುವ ಪಥ ಶಾಲೆ, ಆಸ್ಪತ್ರೆಗಳ ಮೇಲೆ ಬಾರದಂತೆ ಪುರಸಭೆಯ ಮತ್ತು ಸುತ್ತಲ ಗ್ರಾಮ ಪಂಚಾಯಿತಿಗಳ ಅಭಿಪ್ರಾಯ ಪಡೆಯಬೇಕು. ಶುಲ್ಕದ ಒಂದು ಪಾಲು ನಿಲ್ದಾಣದ ಶೌಚಾಲಯ, ಕುಡಿಯುವ ನೀರು, ಕಾಲುದಾರಿಗಳ ನಿರ್ವಹಣೆಗೆ ಸಲ್ಲಬೇಕು. ‘ಸುಂದರೀಕರಣ’ದ ಹೆಸರಿನಲ್ಲಿ ಪಾನಿಪುರಿ ಗಾಡಿಗಳನ್ನು ಓಡಿಸುವ ಬುದ್ಧಿಯೂ ಯಾರಿಗೂ ಬಾರದಿರಲಿ, ಬಂಗಾರಪೇಟೆಯ ಹೆಸರನ್ನು ಬೆಂಗಳೂರಿನ ಬೀದಿಬೀದಿಯಲ್ಲೂ ಹರಡಿರುವುದು ಅವೇ.

ಸರ್ಕಾರದ ಮುಂದಿರುವ ಕೆಲಸದ ಕ್ರಮ ಇಷ್ಟೇ. ಬೆಳಗಿನ ಗಾಡಿಗಳ ಸಂಖ್ಯೆ ಮತ್ತು ವೇಳಾಪಾಲನೆ ಮೊದಲು. ಉಪನಗರ ರೈಲನ್ನು ಬಂಗಾರಪೇಟೆಯವರೆಗೆ ವಿಸ್ತರಿಸುವ ನಿರ್ಧಾರ ಅದರ ಬೆನ್ನಿಗೆ. ಬಸ್ಸು, ರೈಲು, ಆಟೋ ಸೇರುವ ಸಂಕೀರ್ಣ ಅನಂತರ. ಅದರ ಅಂಚಿನಲ್ಲಿ ಎತ್ತರದ ಅಡ್ಡಿಗಳು ಏಳದಂತೆ ಕಾಯ್ದಿರಿಸಿದ ಒಂದು ಚೌಕ. ಈ ಕಾಯ್ದಿರಿಸುವಿಕೆಗೆ ಈಗ ನಕಾಶೆಯಲ್ಲಿ ಒಂದು ಗೆರೆ ಎಳೆದರೆ ಸಾಕು, ಹೆಚ್ಚಿನ ಖರ್ಚಿಲ್ಲ; ಹತ್ತು ವರ್ಷದ ನಂತರ ಅದೇ ಜಾಗ ಹುಡುಕಲು ಹೊರಟರೆ ಕೋಟಿಗಳು ಬೇಕಾದೀತು. ಏರ್ ಟ್ಯಾಕ್ಸಿ ಸುರಕ್ಷಿತವೆಂದು ಸಾಬೀತಾಗಿ, ತನ್ನ ಖರ್ಚನ್ನು ತಾನೇ ತೂಗಿಸಿಕೊಂಡು ಬಂದ ದಿನ ಆ ಚೌಕದಲ್ಲಿ ಧಾರಾಳವಾಗಿ ಇಳಿಯಲಿ. ಅಲ್ಲಿಯವರೆಗೆ ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ಗಾಡಿಗೆ ಇನ್ನೂ ನಾಲ್ಕು ಬೋಗಿ ಜೋಡಿಸುವ ಕಡತಕ್ಕೆ ಆದ್ಯತೆ ದೊರೆಯಲಿ ಎಂಬುದು ನನ್ನ ಆಗ್ರಹ.